ಮಂಡಿ ಆಪರೇಷನ್‌: ಮುಂಚಿನ ಎರಡು ತಿಂಗಳು, ಆಮೇಲಿನ ಮೂರು ತಿಂಗಳು

ಅವ್ವನ ಬಲಗಾಲಿನ ಮಂಡಿ ಬದಲಾಯಿಸಿ ಮೂರು ವರ್ಷ ಆಯ್ತು. ಅವತ್ತಿನಿಂದ ಸಕಲೇಶಪುರ, ಮೂಡಿಗೆರೆ, ಬೇಲೂರು ಕಡೆಯ ನೆಂಟರಿಷ್ಟರು ಫೋನ್ ಮಾಡುತ್ತಲೇ ಇದ್ದಾರೆ. ಎಲ್ಲರೂ ಕೇಳುವುದು ಎರಡೇ ಮಾತು. ಯಾವ ಡಾಕ್ಟರು? ಎಷ್ಟು ಖರ್ಚಾಯ್ತು? ಕೇಳಬೇಕಾದ ಮಾತೇ. ಆದರೆ ಥಿಯೇಟರ್ ಒಳಗೆ ನಡೆಯುವ ಕೆಲಸ ಹೆಚ್ಚೆಂದರೆ ಎರಡು ಗಂಟೆಯದು. ಅದಕ್ಕೆ ಮುಂಚಿನ ಎರಡು ತಿಂಗಳು, ಆಮೇಲಿನ ಮೂರು ತಿಂಗಳು ಮನೆಯವರ ಕೈಯಲ್ಲಿರುತ್ತದೆ. ಆ ಐದು ತಿಂಗಳ ಬಗ್ಗೆ ನಮಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಆಪರೇಷನ್ ಬೇಕೇ ಬೇಕಾ ನೋಡಿ

ಮಂಡಿ ನೋವು ಬಂದವರಿಗೆಲ್ಲ ಆಪರೇಷನ್ ಬೇಕಾಗುವುದಿಲ್ಲ. ತೊಡೆ ಮೂಳೆಯ ತುದಿಗೂ ಕೆಳಗಿನ ಕಾಲಿನ ಮೂಳೆಯ ತಲೆಗೂ ಮೇಲೆ ನುಣುಪಾದ ಒಂದು ಪದರ ಇರುತ್ತದೆ. ವಯಸ್ಸು, ತೂಕ, ಹಳೇ ಪೆಟ್ಟು, ವಾತ, ಹೀಗೆ ಏನೇನೋ ಕಾರಣಕ್ಕೆ ಅದು ಸವೆಯುತ್ತದೆ. ಪೂರ್ತಿ ಸವೆದ ಮೇಲೆ ಮೂಳೆಗೆ ಮೂಳೆ ತಾಗುತ್ತದೆ. ನಮ್ಮ ಕಡೆ "ಗ್ಯಾಪ್ ಹೋಗಿದೆ" ಅನ್ನುವುದು ಇದಕ್ಕೇ. ಅಲ್ಲಿಗೆ ಮುಟ್ಟುವ ಮುಂಚೆ ತೊಡೆಯ ವ್ಯಾಯಾಮ, ತೂಕ ಇಳಿಸುವುದು, ಕೈಗೆ ಕೋಲು, ಡಾಕ್ಟರು ಲೆಕ್ಕ ಹಾಕಿ ಕೊಟ್ಟ ಮಾತ್ರೆ, ಇಷ್ಟರಲ್ಲೇ ಎಷ್ಟೋ ಜನ ವರ್ಷಗಟ್ಟಲೆ ಆರಾಮಾಗಿ ಓಡಾಡುತ್ತಾರೆ. ಮೈಯಲ್ಲಿ ಒಂದು ಕೆಜಿ ಇಳಿದರೆ, ಇಡುವ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಐದು ಕೆಜಿ ಇಳಿಸಿದರೆ ಎಷ್ಟಾಯ್ತು ಲೆಕ್ಕ ಹಾಕಿ.

ಇಷ್ಟೆಲ್ಲ ಮಾಡಿಯೂ ರಾತ್ರಿ ನೋವಿಗೆ ಎಚ್ಚರ ಆಗುತ್ತಿದ್ದರೆ, ಮನೆಯಿಂದ ರಸ್ತೆವರೆಗೆ ಹೋಗುವುದರಲ್ಲಿ ಎರಡು ಕಡೆ ಕೂರಬೇಕಾದರೆ, ಕಾಲು ಬಿಲ್ಲಿನಂತೆ ಹೊರಗೆ ಬಾಗಿದ್ದರೆ ಆಗ ಆಪರೇಷನ್ ಮಾತು. ಎಕ್ಸ್‌ರೇ ನೋಡಿಯೇ ತೀರ್ಮಾನ ಮಾಡಬಾರದು. ಎಕ್ಸ್‌ರೇಯಲ್ಲಿ ಮಂಡಿ ಪೂರ್ತಿ ಹೋಗಿದ್ದರೂ ಆರಾಮಾಗಿ ತೋಟ ಸುತ್ತುವವರಿದ್ದಾರೆ.

ಎಕ್ಸ್‌ರೇ ವಿಚಾರದಲ್ಲಿ ನಾವೇ ಒಂದು ವರ್ಷ ಕಳೆದುಕೊಂಡೆವು. ಮೊದಲನೇ ಸಲ ಅವ್ವನನ್ನು ಮಲಗಿಸಿ ತೆಗೆದಿದ್ದರು. ಅದರಲ್ಲಿ ಗ್ಯಾಪ್ ಸುಮಾರಾಗಿಯೇ ಕಾಣುತ್ತಿತ್ತು. ವರ್ಷ ಬಿಟ್ಟು ಇನ್ನೊಂದು ಕಡೆ ಎರಡು ಕಾಲಿನ ಮೇಲೂ ಭಾರ ಹಾಕಿ ನಿಲ್ಲಿಸಿ ತೆಗೆದರು. ಒಳಬದಿಯಲ್ಲಿ ಒಂದು ಗೆರೆಯಷ್ಟೂ ಜಾಗ ಇರಲಿಲ್ಲ. ನೀವು ಎಕ್ಸ್‌ರೇ ತೆಗೆಸುವಾಗ "ನಿಲ್ಲಿಸಿ ತೆಗೀರಿ" ಅಂತ ಬಾಯಿ ಬಿಟ್ಟು ಕೇಳಿ.

ಇಲ್ಲೇ ಇನ್ನೊಂದು ಮಾತು. ಚಿಕ್ಕ ವಯಸ್ಸಿನವರಿಗೆ ಸೊಂಟದ ಕೀಲಿನಲ್ಲಿ ನೋವು, ಕುಂಟು ಬಂದರೆ ಅದನ್ನು "ವಾತ" ಅಂತ ಬಿಡಬೇಡಿ. ಸ್ಟೀರಾಯ್ಡ್ ಮಾತ್ರೆ ಜಾಸ್ತಿ ದಿನ ತಗೊಂಡವರಿಗೆ, ಕುಡಿತ ಜಾಸ್ತಿ ಇರುವವರಿಗೆ ತೊಡೆ ಮೂಳೆಯ ತಲೆಗೆ ರಕ್ತ ಹೋಗುವುದು ನಿಂತು ಅದು ಕುಸಿಯಬಹುದು. ಬೇಗ ಎಂಆರ್‌ಐ ಮಾಡಿಸಿದರೆ ಕೀಲು ಉಳಿಸಿಕೊಳ್ಳುವ ದಾರಿ ಇರುತ್ತದೆ. ಮಲೆನಾಡಿನಲ್ಲಿ ಹಂದಿಗೋಡು ಕಾಯಿಲೆಯೂ ಇದೆ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಮೊದಲು ಗಮನಕ್ಕೆ ಬಂದದ್ದು, ಆಮೇಲೆ ಚಿಕ್ಕಮಗಳೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಕಂಡಿತು. ವಂಶದಲ್ಲಿ ಇಳಿದು ಬರುವ ಈ ಕಾಯಿಲೆ ದುಡಿಯುವ ವಯಸ್ಸಿನಲ್ಲೇ ಸೊಂಟದ ಕೀಲನ್ನು ಹಾಳು ಮಾಡುತ್ತದೆ. ಆ ಮನೆಗಳ ಕಷ್ಟ ಸಿರಿವಂತರಿಗೆ ಬಂದಿದ್ದರೆ ಇಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿರುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಈ ಲೇಖನ ಮಂಡಿಯದು. ಆದರೂ ಕೆಳಗೆ ಹೇಳುವ ತಯಾರಿಯಲ್ಲಿ ಮುಕ್ಕಾಲು ಪಾಲು ಸೊಂಟದ ಕೀಲಿಗೂ ಅನ್ವಯಿಸುತ್ತದೆ.

ದಿನ ಗೊತ್ತು ಮಾಡುವುದು, ದುಡ್ಡು ಹೊಂದಿಸುವುದು

ನಮ್ಮ ಕಡೆ ಆಪರೇಷನ್ ದಿನ ಗೊತ್ತು ಮಾಡುವಾಗ ಮಳೆ, ಕಾಫಿ ಎರಡನ್ನೂ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ತುಂಬ ಪಾಚಿ. ವಾಕರ್ ಹಿಡಿದವರು ಕಾಲಿಡುವ ಹಾಗಿಲ್ಲ. ನವೆಂಬರ್‌ನಿಂದ ಅರೇಬಿಕಾ, ಅದಾದ ಮೇಲೆ ರೊಬಸ್ಟಾ ಕೊಯ್ಲು. ಆಗ ಮನೆಯಲ್ಲಿ ಒಬ್ಬರೂ ಕೈಗೆ ಸಿಗುವುದಿಲ್ಲ. ನಾವು ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಇಟ್ಟುಕೊಂಡೆವು. ಮಳೆ ಹಿಡಿಯುವ ಹೊತ್ತಿಗೆ ಅವ್ವ ಕೋಲು ಹಿಡಿದು ಮನೆಯೊಳಗೆ ಸರಾಗವಾಗಿ ಓಡಾಡುತ್ತಿದ್ದಳು. ಕನಿಷ್ಠ ಆರು ವಾರ ಒಬ್ಬರು ಜೊತೆಯಲ್ಲೇ ಇರಬೇಕು. ಆ ಒಬ್ಬರು ಯಾರು ಅಂತ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ (ಹಿಮ್ಸ್) ಬೋಧನಾ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ. ಬೆಂಗಳೂರಿಗೆ ಹೋಗುವವರಿಗೆ ಜಯನಗರದ ಸಂಜಯ್ ಗಾಂಧಿ ಸಂಸ್ಥೆ ಮೂಳೆಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಮೊದಲು ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ ತೋರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರದ, ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ನೋಂದಾಯಿತ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ರೇಷನ್ ಕಾರ್ಡ್, ಆಧಾರ್ ತಗೊಂಡು ಅವರ ಹತ್ತಿರ ಮಾತಾಡಿ, ಅನುಮತಿ ಬಂದ ಮೇಲೇ ಅಡ್ಮಿಟ್ ಆಗಿ. ಬಿಲ್ ಆದ ಮೇಲೆ ಓಡಾಡಿದರೆ ಪ್ರಯೋಜನ ಇಲ್ಲ.

ಕೈಯಿಂದ ಕಟ್ಟುವವರು ಇದನ್ನು ತಿಳಿದಿರಬೇಕು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಎಲ್ಲರಿಗೂ ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ಗೊತ್ತು ಮಾಡಿದ ಬೆಲೆ 54,720 ರೂಪಾಯಿ, ಜಿಎಸ್‌ಟಿ ಬೇರೆ. ಈಗಿನ ಮಿತಿ ಎಷ್ಟು, ನಿಮಗೆ ಹಾಕುವುದು ಯಾವುದು ಅಂತ ಕೇಳಿ. ಬಿಲ್ಲಿನಲ್ಲಿ ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಮಂಡಿ) ಬೆಲೆ, ಕಂಪನಿ, ಬ್ಯಾಚ್ ನಂಬರ್ ಬೇರೆಯಾಗಿ ಬರೆದಿರಬೇಕು. "ಚಿನ್ನದ ಬಣ್ಣದ್ದು ಹಾಕಿಸಿ, ಜಾಸ್ತಿ ಬಾಳಿಕೆ" ಅಂತ ಯಾರಾದರೂ ಹೇಳಿದರೆ, ನಿಮ್ಮ ವಯಸ್ಸಿಗೆ, ನಿಮ್ಮ ಮಂಡಿಗೆ ಅದರಿಂದ ಏನು ಲಾಭ ಅಂತ ಸರ್ಜನ್ ಬಾಯಲ್ಲೇ ಕೇಳಿ ತಿಳಿದುಕೊಳ್ಳಿ. ಸಾಮಾನ್ಯ ಮಂಡಿಯೇ ಚೆನ್ನಾಗಿ ಬಾಳುತ್ತದೆ. ಹೊರದೇಶಗಳಲ್ಲಿ ಸಾವಿರಾರು ಜನರ ದಾಖಲೆ ಇಟ್ಟು ನೋಡಿದ್ದಾರೆ. ನೂರು ಮಂಡಿಯಲ್ಲಿ ಸುಮಾರು 82, ಇಪ್ಪತ್ತೈದು ವರ್ಷ ಕಳೆದರೂ ಹಾಗೇ ಇದ್ದವು.

ಎರಡೂ ಮಂಡಿ ಒಟ್ಟಿಗೇ ಮಾಡಿಸಬಹುದಾ ಅಂತಲೂ ತುಂಬ ಜನ ಕೇಳುತ್ತಾರೆ. ಮಾಡುತ್ತಾರೆ. ಆದರೆ ರಕ್ತ ಜಾಸ್ತಿ ಹೋಗುತ್ತದೆ, ಹೃದಯಕ್ಕೆ ಶ್ರಮ ಜಾಸ್ತಿ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಒಂದೊಂದೇ ಮಾಡಿಸುವುದು ಒಳ್ಳೆಯದು. ಸುಮ್ನೆ ಖರ್ಚು ಉಳಿಯುತ್ತೆ ಅಂತ ಒಟ್ಟಿಗೆ ಮಾಡಿಸಬೇಡಿ.

ಪಾದ ನೋಡಿ, ಹಲ್ಲು ನೋಡಿ, ಸಕ್ಕರೆ ನೋಡಿ

ಕೃತಕ ಕೀಲಿಗೆ ದೊಡ್ಡ ಶತ್ರು ಸೋಂಕು. ಮೈಯಲ್ಲಿ ಎಲ್ಲೋ ಇರುವ ಕೀವು ರಕ್ತದಲ್ಲಿ ಹೋಗಿ ಲೋಹದ ಮೇಲೆ ಕೂತರೆ ಅದನ್ನು ಬರೀ ಮಾತ್ರೆಯಲ್ಲಿ ತೆಗೆಯುವುದು ತುಂಬ ಕಷ್ಟ. ಎಷ್ಟೋ ಸಲ ಮತ್ತೆ ಆಪರೇಷನ್ ಮಾಡಬೇಕಾಗುತ್ತದೆ.

ಅವ್ವನಿಗೆ ಮೊದಲು ಗೊತ್ತಾದ ದಿನ ಆಪರೇಷನ್ ಆಗಲಿಲ್ಲ. ಹಾಸಿಗೆ ಸಿಕ್ಕಿತ್ತು, ರಕ್ತ ಪರೀಕ್ಷೆ ಆಗಿತ್ತು. ಸಂಜೆ ಸರ್ಜನ್ ಬಂದು ಹೊದಿಕೆ ಸರಿಸಿ, ಮಂಡಿಯನ್ನಲ್ಲ, ಪಾದವನ್ನು ನೋಡಿದರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಕಿರುಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಸೀಳಿತ್ತು. ಹಿಮ್ಮಡಿಯಲ್ಲಿ ಆಳವಾದ ಒಡಕು. ಪಾದದ ಗಂಟಿನ ಹತ್ತಿರ ಇಂಬಳ (ಜಿಗಣೆ) ಕಚ್ಚಿದ್ದನ್ನು ಕೆರೆದು ಕೆರೆದು ಆದ ಗಾಯ. "ಇದೆಲ್ಲ ಒಣಗಲಿ ಅಮ್ಮ, ತಿಂಗಳು ಬಿಟ್ಟು ಬನ್ನಿ" ಅಂದರು. ನಮಗೆ ಆಗ ಬೇಜಾರಾಯ್ತು. ಈಗ ಅವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ತೋಟದಲ್ಲಿ, ಗದ್ದೆಯಲ್ಲಿ ಓಡಾಡುವ ಕಾಲು ಹೇಗಿರುತ್ತದೆ ಅಂತ ಗೊತ್ತಿರುವ ನಾವೇ ನೋಡಿಕೊಳ್ಳಬೇಕಿತ್ತು.

ಹಾಗಾಗಿ ಎರಡು ತಿಂಗಳು ಮುಂಚಿನಿಂದಲೇ ದಿನಾ ರಾತ್ರಿ ಕಾಲು ತೊಳೆದು, ಬೆರಳ ಸಂದಿ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಹಿಮ್ಮಡಿಗೆ ವ್ಯಾಸಲೀನ್ ಹಚ್ಚಿ. ಹುಣ್ಣಿದ್ದರೆ ಡಾಕ್ಟರಿಗೆ ತೋರಿಸಿ. ಹುಳುಕು ಹಲ್ಲು ಇದ್ದರೆ ಕೀಳಿಸಿ ಅಥವಾ ತುಂಬಿಸಿ, ವಸಡು ವಾಸಿಯಾಗಲಿ. ಉರಿಮೂತ್ರ ಇದ್ದರೆ ಮುಚ್ಚಿಡಬೇಡಿ. ನಮ್ಮ ತಾಯಂದಿರು ಇದನ್ನು ಹೇಳಿಕೊಳ್ಳುವುದೇ ಇಲ್ಲ, ನೀವೇ ಕೇಳಬೇಕು. ಆಪರೇಷನ್ ಹಿಂದಿನ ದಿನ ಮನೆಯಲ್ಲಿ ಬ್ಲೇಡ್‌ನಿಂದ ಕಾಲಿನ ಕೂದಲು ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲೇ ಸೋಂಕು ಸೇರುತ್ತದೆ.

ಶುಗರ್ ಇದ್ದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು 8ರ ಮೇಲಿದ್ದರೆ ಬಹುತೇಕ ಸರ್ಜನ್‌ಗಳು ಇಳಿಸಿಕೊಂಡು ಬನ್ನಿ ಅನ್ನುತ್ತಾರೆ. ರಕ್ತ ಕಡಿಮೆ ಇದ್ದರೆ ಅದನ್ನೂ ಮೊದಲೇ ಸರಿ ಮಾಡಿಕೊಳ್ಳಿ. ಬೀಡಿ ಮತ್ತು ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪನ್ನು ಕನಿಷ್ಠ ಒಂದು ತಿಂಗಳು ಮುಂಚೆ ಬಿಡಬೇಕು, ಇಲ್ಲದಿದ್ದರೆ ಗಾಯ ಬೇಗ ಕೂಡುವುದಿಲ್ಲ. ಮಂಡಿಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಯಾವಾಗ ಅಂತ ಸರ್ಜನ್‌ಗೆ ಹೇಳಿ. ಅದಾದ ಮೇಲೆ ಮೂರು ತಿಂಗಳಾದರೂ ಕಳೆಯಬೇಕು.

ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ರಕ್ತ ತೆಳು ಮಾಡುವ ಮಾತ್ರೆ, ವಾತದ ಮಾತ್ರೆ, ನಾಟಿ ಔಷಧಿ, ಕಷಾಯದ ಪುಡಿ, ಎಲ್ಲ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಲೇಬಾರದು ಅಂತ ಅವರೇ ಹೇಳಲಿ. ಮೆಡಿಕಲ್ ಸ್ಟೋರ್‌ನಿಂದ ನೋವಿನ ಮಾತ್ರೆ ತಂದು ವರ್ಷಗಟ್ಟಲೆ ನುಂಗಿದ್ದರೆ ಮುಚ್ಚುಮರೆ ಇಲ್ಲದೆ ಹೇಳಿ. ಅದು ಕಿಡ್ನಿಗೆ ಪೆಟ್ಟು ಕೊಟ್ಟಿರಬಹುದು, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡಬೇಕಾಗುತ್ತದೆ.

ಮನೆ ಸಜ್ಜು ಮಾಡಿ

ನಮ್ಮ ಹಳೇ ಮನೆಗಳು ಕೂತು ಎದ್ದು ಬಾಳುವವರಿಗೆ ಕಟ್ಟಿದ್ದು. ಎತ್ತರದ ಹೊಸ್ತಿಲು, ಜಗಲಿ ಮೆಟ್ಟಿಲು, ಹಿಂದುಗಡೆ ಬಚ್ಚಲು, ನೆಲದ ಮೇಲೆ ಈಳಿಗೆ ಮಣೆ. ಹೊಸ ಮಂಡಿಗೆ ಇದರಲ್ಲಿ ಅರ್ಧ ಹೊಂದುವುದಿಲ್ಲ.

ಮೊದಲ ಕೆಲಸ ಕಕ್ಕಸಿನದು. ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ. ಕಮೋಡ್ ಕಟ್ಟಿಸಲು ಆಗದಿದ್ದರೆ ಮಧ್ಯೆ ತೂತಿರುವ ಕಮೋಡ್ ಕುರ್ಚಿ ಹಾಸನ, ಚಿಕ್ಕಮಗಳೂರಿನ ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಇಟ್ಟುಕೊಳ್ಳಿ. ಪಕ್ಕದ ಗೋಡೆಗೆ ಹಿಡಿಯಲು ಒಂದು ಕಂಬಿ ಹಾಕಿಸಿ. ಬಚ್ಚಲಿನಲ್ಲಿ ಗಟ್ಟಿಯಾದ ಸ್ಟೂಲ್, ಹಂಡೆ ನೀರು ಬಗ್ಗದೆ ಕೈಗೆ ಸಿಗುವ ಹಾಗೆ ಬಕೆಟ್ ಎತ್ತರದಲ್ಲಿ. ಚಾಪೆ ಬೇಡ, ಮಂಚ ಬೇಕು. ಕೂತಾಗ ಪಾದ ನೆಲಕ್ಕೆ ಮುಟ್ಟಬೇಕು, ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಕೈ ಇರುವ ಕುರ್ಚಿ ಒಂದು ಇರಲಿ. ಬಾಗಿಲಲ್ಲಿ ಸರಿಯುವ ಮ್ಯಾಟ್, ಓಡಾಡುವ ದಾರಿಯಲ್ಲಿ ವೈರು, ಕಾಲಿಗೆ ಅಡ್ಡ ಬರುವ ನಾಯಿ, ಇವಕ್ಕೆಲ್ಲ ಬೇರೆ ವ್ಯವಸ್ಥೆ ಮಾಡಿ. ಅವ್ವನ ಈಳಿಗೆ ಮಣೆಯನ್ನು ಅತ್ತಿಗೆ ಅಟ್ಟಕ್ಕೆ ಹಾಕಿ, ಮೇಜಿನ ಮೇಲೆ ಚಾಕು ಇಟ್ಟಳು. ಒಂದು ವಾರ ಅವ್ವ ಆ ಚಾಕು ಮುಟ್ಟಲಿಲ್ಲ. ಆಮೇಲೆ ಅಭ್ಯಾಸ ಆಯ್ತು.

ಆಪರೇಷನ್ ದಿನ

ಗಟ್ಟಿ ಆಹಾರ ಆರು ಗಂಟೆ ಮುಂಚೆಯೇ ನಿಲ್ಲಬೇಕು. ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಅಂತ ಅರಿವಳಿಕೆ ಡಾಕ್ಟರು ಹೇಳುತ್ತಾರೆ. ಹೆಚ್ಚಿನವರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಮಂಡಿಯನ್ನು ಕಿತ್ತು ಬಿಸಾಕುತ್ತಾರೆ ಅಂತ ಹೆದರುವವರಿದ್ದಾರೆ. ಹಾಗಲ್ಲ. ಸವೆದ ಮೂಳೆಯ ತುದಿಯನ್ನು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಕೊಯ್ದು, ಮೇಲೆ ಲೋಹದ ಟೋಪಿ, ಕೆಳಗೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಕೂರಿಸುತ್ತಾರೆ. ಅದನ್ನು ಮೂಳೆಗೆ ಅಂಟಿಸಲು ಒಂದು ಬಗೆಯ ಸಿಮೆಂಟ್ ಹಾಕುತ್ತಾರೆ. ನಿಮ್ಮ ಸ್ನಾಯು, ಚರ್ಮ, ಪಕ್ಕದ ಹುರಿಗಳು ನಿಮ್ಮವೇ.

ದಿಂಬು, ಟವೆಲ್, ಕೈ

ಅವತ್ತೇ ಅಥವಾ ಮಾರನೇ ದಿನ ವಾಕರ್ ಕೊಟ್ಟು ನಿಲ್ಲಿಸುತ್ತಾರೆ. "ಇಷ್ಟು ಬೇಗನಾ, ಪಾಪ" ಅಂತ ತಡೆಯಬೇಡಿ. ಎದ್ದು ನಿಂತಷ್ಟು ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಅದಕ್ಕೆಂದು ಮಾತ್ರೆಯನ್ನೋ ಇಂಜೆಕ್ಷನ್ನೋ ಕೊಡುತ್ತಾರೆ. ಮನೆಗೆ ಬಂದ ಮೇಲೆ ಹೇಳಿದಷ್ಟು ದಿನ ಒಂದೂ ತಪ್ಪಿಸಬೇಡಿ. ಎಚ್ಚರ ಇದ್ದಾಗ ಗಂಟೆಗೆ ಹತ್ತು ಸಲವಾದರೂ ಪಾದ ಮೇಲೆ ಕೆಳಗೆ ಆಡಿಸಬೇಕು. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 180 ಕಿಲೋಮೀಟರ್. ವಾಪಸ್ ಬರುವಾಗ ಕಾರಿನ ಮುಂದಿನ ಸೀಟು ಹಿಂದಕ್ಕೆ ಸರಿಸಿ ಕೂರಿಸಿ. ಗಂಟೆಗೊಮ್ಮೆ ನಿಲ್ಲಿಸಿ, ಇಳಿಸಿ, ನಾಲ್ಕು ಹೆಜ್ಜೆ ನಡೆಸಿ.

ಇನ್ನು ದಿಂಬಿನ ವಿಚಾರ. ಮಂಡಿ ಕೆಳಗೆ ದಿಂಬು ಇಟ್ಟರೆ ತುಂಬ ಹಿತವಾಗಿರುತ್ತದೆ. ಅದನ್ನೇ ಮಾಡಬಾರದು. ಮಂಡಿ ಮಡಚಿಕೊಂಡೇ ಬಿಗಿದು ಹೋಗುತ್ತದೆ, ಆಮೇಲೆ ಕಾಲು ನೇರ ಆಗುವುದಿಲ್ಲ, ಕುಂಟು ಉಳಿಯುತ್ತದೆ. ದಿಂಬು ಇಡಬೇಕಾದದ್ದು ಹಿಮ್ಮಡಿ ಕೆಳಗೆ. ಆಗ ಮಂಡಿ ಗಾಳಿಯಲ್ಲಿ ತೂಗಿ ತನ್ನ ಭಾರಕ್ಕೇ ನೇರ ಆಗುತ್ತದೆ. ರಾತ್ರಿ ನೋವಿನಲ್ಲಿ ಅವ್ವ ದಿಂಬನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ನಾನು ಎದ್ದು ಮತ್ತೆ ಕೆಳಗೆ ಸರಿಸುತ್ತಿದ್ದೆ. "ಒಂದು ಗಳಿಗೆ ಬಿಡು ಮಗ" ಅನ್ನುತ್ತಿದ್ದಳು. ಬಿಡಲಿಲ್ಲ.

ತೊಡೆ ಬಿಗಿಸುವ ವ್ಯಾಯಾಮ ಹೀಗೆ. ಕಾಲು ಚಾಚಿ ಮಲಗಿಸಿ. ಮಂಡಿ ಹಿಂದೆ ನಿಮ್ಮ ಅಂಗೈ ಇಡಿ. "ನನ್ನ ಕೈ ಒತ್ತವ್ವ" ಅನ್ನಿ. ಐದು ಎಣಿಸುವವರೆಗೆ ಒತ್ತಬೇಕು, ಬಿಡಬೇಕು. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ನಾಲ್ಕು ಸಲ. ಮೊದಲ ವಾರ ಅವ್ವನ ಮಂಡಿ ಹಿಂದೆ ನನ್ನ ಮೂರು ಬೆರಳು ಸಲೀಸಾಗಿ ಹೋಗುತ್ತಿತ್ತು. ಮೂರನೇ ವಾರ ಬೆರಳು ಹಾಸಿಗೆಗೆ ಸಿಕ್ಕಿಕೊಂಡು ನೋಯಿತು. ಅವತ್ತು ಇಬ್ಬರಿಗೂ ಆದ ಖುಷಿ ಅಷ್ಟಿಷ್ಟಲ್ಲ. ಜೊತೆಗಿರುವವರು ಇಲ್ಲದಿದ್ದರೆ ಕೈ ಬದಲು ಸುತ್ತಿದ ಟವೆಲ್ ಸಾಕು. ಆದರೆ ಕೈ ಇಟ್ಟರೆ ದಿನದಿನದ ಬದಲಾವಣೆ ಗೊತ್ತಾಗುತ್ತದೆ.

ಮಡಚುವುದಕ್ಕೆ ಕುರ್ಚಿ ಮೇಲೆ ಕೂರಿಸಿ, ಪಾದವನ್ನು ನೆಲದ ಮೇಲೆ ಹಿಂದಕ್ಕೆ ಜಾರಿಸಬೇಕು. ಮೊದಲ ಎರಡು ಮೂರು ವಾರದಲ್ಲಿ 90 ಡಿಗ್ರಿ, ಅಂದರೆ ಕುರ್ಚಿಯಲ್ಲಿ ಎಲ್ಲರಂತೆ ಕೂರುವಷ್ಟು ಬರಬೇಕು. ಮೂರು ತಿಂಗಳ ಹೊತ್ತಿಗೆ 110ರಿಂದ 120 ಬಂದರೆ ಮೆಟ್ಟಿಲಿಗೆ, ಬಸ್ಸಿಗೆ ಸಾಕು. ನೋವಿನ ಮಾತ್ರೆ ನುಂಗಿ ಅರ್ಧ ಗಂಟೆ ಬಿಟ್ಟು ವ್ಯಾಯಾಮ ಶುರು ಮಾಡಿ. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್, ಹದಿನೈದು ನಿಮಿಷ. ಕರೆಂಟು ಹೋಗುವ ಊರಾದರೆ ಐಸನ್ನು ಮುಂಚೆಯೇ ಥರ್ಮೋಸ್‌ಗೆ ತುಂಬಿಡಿ. ಹತ್ತಿರ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಸಿಕ್ಕಿದರೆ ಮೊದಲ ತಿಂಗಳು ವಾರಕ್ಕೆ ಎರಡು ಸಲವಾದರೂ ಕರೆಸಿ.

ಕೋಲು ಹಿಡಿಯುವ ಹಂತಕ್ಕೆ ಬಂದಾಗ ಎಲ್ಲರೂ ಆಪರೇಷನ್ ಆದ ಕಾಲಿನ ಕಡೆಯ ಕೈಯಲ್ಲೇ ಹಿಡಿಯುತ್ತಾರೆ. ಅದು ತಪ್ಪು. ಬಲ ಮಂಡಿಯಾದರೆ ಎಡಗೈಯಲ್ಲಿ ಕೋಲು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು.

ಪಥ್ಯದ ಹೆಸರಲ್ಲಿ ಬಾಣಂತಿಗೆ ಕೊಟ್ಟ ಹಾಗೆ ಬರೀ ತಿಳಿಸಾರು ಅನ್ನ ಕೊಡಬೇಡಿ. ಗಾಯ ಮಾಯಲು ಪ್ರೋಟೀನ್ ಬೇಕು. ಮೊಟ್ಟೆ, ಮೊಸರು, ಹುರುಳಿ ಕಟ್ಟಿನ ಸಾರು, ಹೆಸರುಕಾಳು, ಕೋಳಿ, ಮೀನು, ಮುದ್ದೆ, ಎಲ್ಲ ಕೊಡಿ. ಮೊಸರು ತಿಂದರೆ ಕೀವಾಗುವುದಿಲ್ಲ.

ಎಣ್ಣೆ ಹಚ್ಚಿ ನೀವುವುದು ಬೇಡವೇ ಬೇಡ. ಪ್ರೀತಿಯಿಂದ ಮಾಡಲು ಬರುತ್ತಾರೆ, ಮೆಲ್ಲಗೆ ಬೇಡ ಅನ್ನಿ. ಹೊಲಿಗೆ ಮೇಲೆ ಎಣ್ಣೆ, ಸೊಪ್ಪಿನ ರಸ ಬಿದ್ದರೆ ಸೋಂಕಿಗೆ ದಾರಿ. ಮೀನಖಂಡ ನೀವಿದರೆ ಒಳಗೆ ಹೆಪ್ಪುಗಟ್ಟಿದ ರಕ್ತ ಇದ್ದ ಪಕ್ಷದಲ್ಲಿ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ ಎರಡು ವಾರಕ್ಕೆ. ಅಲ್ಲಿವರೆಗೆ ಗಾಯ ಒಣಗಿರಲಿ.

ಯಾವಾಗ ಓಡಬೇಕು

ಮಂಡಿ ಕೆಲವು ತಿಂಗಳು ಬೆಚ್ಚಗಿರುವುದು, ಸಂಜೆ ಊದುವುದು, ಗಾಯದ ಹೊರಬದಿ ಚರ್ಮ ಜುಮ್ಮೆನ್ನುವುದು, ನಡೆಯುವಾಗ ಟಕ್ ಅನ್ನುವುದು ಮಾಮೂಲು. ಹೆದರಬೇಡಿ.

ಆದರೆ ಮೀನಖಂಡ ಗಟ್ಟಿಯಾಗಿ ನೋಯುತ್ತಿದ್ದರೆ, ಒಂದೇ ಕಾಲು ದಪ್ಪ ಆಗುತ್ತಿದ್ದರೆ, ಗಾಯದಿಂದ ನೀರು, ಕೀವು ಬರುತ್ತಿದ್ದರೆ, ಸುತ್ತ ಕೆಂಪು ಹರಡುತ್ತಿದ್ದರೆ, ಚಳಿ ಜ್ವರ ಬಂದರೆ ಅವತ್ತೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ತೋರಿಸಿ. ಊರಿನಲ್ಲೇ ಆಂಟಿಬಯೋಟಿಕ್ ನುಂಗಿಸಿ ಕಾಯಬೇಡಿ. ಅದರಿಂದ ಸೋಂಕು ಮರೆಯಾಗಿ ಒಳಗೇ ಬೆಳೆಯುತ್ತದೆ. ಇದ್ದಕ್ಕಿದ್ದಂತೆ ಎದೆ ನೋವು, ಉಸಿರು ಸಿಕ್ಕದಿದ್ದರೆ ತಕ್ಷಣ 108.

ಆಮೇಲೆ

ಆರು ವಾರಕ್ಕೆ, ಮೂರು ತಿಂಗಳಿಗೆ, ವರ್ಷಕ್ಕೆ ತೋರಿಸಿ. ಪೂರ್ತಿ ಸುಧಾರಿಸಲು ವರ್ಷವೇ ಬೇಕು. ನೆಲದಲ್ಲಿ ಚಕ್ಕಳಮಕ್ಕಳ ಹಾಕುವುದು, ಕುಕ್ಕರಗಾಲು ಬಿಟ್ಟೇಬಿಡಿ. ದೇವರ ಮುಂದೆಯೂ ಕುರ್ಚಿ ಹಾಕಿಕೊಳ್ಳಬಹುದು. ಮುಂದೆ ಯಾವತ್ತಾದರೂ ಹಲ್ಲು ಕೀಳಿಸಬೇಕಾದರೆ, ಕಾಲಿನಲ್ಲಿ ಹುಣ್ಣಾದರೆ, ಒಳಗೆ ಲೋಹ ಇದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರ್‌ಗಳನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿ ಕೊಡುತ್ತಾರೆ. ಹತ್ತು, ಹದಿನೈದು ವರ್ಷ ಬಿಟ್ಟು ಮತ್ತೆ ಕೈ ಹಾಕಬೇಕಾದರೆ ಯಾವ ಕಂಪನಿ, ಯಾವ ಅಳತೆ ಅಂತ ಅದರಿಂದಲೇ ಗೊತ್ತಾಗುವುದು. ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಜಮೀನಿನ ಪತ್ರದ ಜೊತೆ ಇಡಿ. ಮಳೆಗಾಲದ ಥಂಡಿಗೆ ನಮ್ಮ ಮನೆಯಲ್ಲಿ ಬೂಷ್ಟು ಹಿಡಿಯದ ಜಾಗ ಅದೊಂದೇ.